ಕರಿಜೀರಿಗೆಯ ಎಣ್ಣೆ: ಹೆಸರೆಷ್ಟು, ಗುಣವೆಷ್ಟು?

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಹೆಮ್ಮರಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಜನರು ಅವುಗಳನ್ನು ದೊಡ್ಡಹುಣಸೆ ಎಂದು ಕರೆಯುತ್ತ ಬಂದಿರುವರು. ಆದರೆ ಅವು ಹುಣಸೆಯಲ್ಲ. ಆಫ್ರಿಕ ಖಂಡದ ಬಾವೊಬಾಬ್ ಎಂಬ ವೃಕ್ಷಗಳು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹುಣಸೆಗಿಂತ ಹತ್ತಿಗೂ ಬೂರುಗಕ್ಕೂ ಹೆಚ್ಚು ಹತ್ತಿರದ ನಂಟರು. ಕಾಯಿಯೊಳಗಿನ ತಿರುಳು ಹುಳಿಯಾಗಿರುವುದರಿಂದ ಈ ಹೆಸರು ಬಂದಿರಬೇಕು. ೨೦೨೩ರ ಜುಲೈ ತಿಂಗಳಲ್ಲಿ ಮೂರರಲ್ಲೊಂದು ಮರ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಮರದ ಹೆಸರು ತಪ್ಪಾದರೆ ಯಾರಿಗೂ ಕೇಡಿಲ್ಲ. ಔಷಧದ ಹೆಸರಿನಲ್ಲಿ ಇಂತಹ ತಪ್ಪಾದರೆ ಹಾಗೆ ಹೇಳಿ ಸುಮ್ಮನಿರುವಂತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಕರಿಜೀರಿಗೆಯ ಎಣ್ಣೆಗೆ ಎಲ್ಲೆಲ್ಲಿಯೂ ಬಲವಾದ ಪ್ರಚಾರ ದೊರೆತಿದೆ. ಉದುರಿದ ಕೂದಲು ಮರಳಿ ಬರುವುದಂತೆ, ಮೊಡವೆ ಮಾಯವಾಗುವುದಂತೆ, ಮೈಬಣ್ಣ ತಿಳಿಯಾಗುವುದಂತೆ. ಮೊಳಕಾಲಿನ ನೋವು, ರಕ್ತದೊತ್ತಡ, ಸಿಹಿಮೂತ್ರರೋಗ ಇವೆಲ್ಲಕ್ಕೂ ಒಂದೇ ಸೀಸೆ ಸಾಕಂತೆ! ಇಷ್ಟೊಂದು ಗುಣಗಳನ್ನು ಒಂದೇ ವಸ್ತುವಿನ ಮೇಲೆ ಹೊರಿಸಿದಾಗ ವಿಚಾರವಂತನಾದವನು ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: ಈ ಸೀಸೆಯಲ್ಲಿರುವುದು ಯಾವ ಬೀಜದ ಎಣ್ಣೆ?

ಶಾಸ್ತ್ರಜ್ಞರು ನೈಜೆಲ್ಲ ಸಟೈವ ಎಂದು ಕರೆಯುವ ಸಸ್ಯದ ಬೀಜವೇ ನಿಜವಾದ ಕರಿಜೀರಿಗೆ. ಕೃಷ್ಣಜೀರಿಗೆ ಎಂದೂ ಕಲೌಂಜಿ ಎಂದೂ ಇದಕ್ಕೆ ಹೆಸರುಂಟು. ಜೀರಿಗೆಯ ಕುಲಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕಾಳು ಮಂಕಾದ ಕಪ್ಪು, ಮೂರು ಮೂಲೆ, ಒರಟು ಮೈ. ಅಂಗೈಯಲ್ಲಿ ತಿಕ್ಕಿದರೆ ಓಂಕಾಳನ್ನು ನೆನಪಿಗೆ ತರುವ ಘಾಟು. ಆದರೆ ಕರಿಜೀರಿಗೆ ಬೇಕೆಂದು ಕೇಳಿದವನಿಗೆ ಗಂಧಿಗೆಯ ಅಂಗಡಿಯಲ್ಲಿ ಕಾಡುಜೀರಿಗೆಯೂ ದೊರೆಯಬಹುದು. ಅದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು; ಉದ್ದುದ್ದ ಗೆರೆಗಳುಳ್ಳದ್ದು, ಸಹಿಸಲಾರದಷ್ಟು ಕಹಿ; ಜಂತುಹುಳುವಿಗೆಂದು ಹಿಂದಿನಿಂದ ಕೊಡುತ್ತ ಬಂದದ್ದು. ಮಸಾಲೆಯ ಶಾಜೀರಿಗೆ ಇನ್ನೊಂದು ಬಗೆ. ಇವುಗಳ ಜೊತೆಗೆ ನಮ್ಮ ಸೀಮೆಯ ಗುರೆಳ್ಳೂ ಉಂಟಷ್ಟೆ. ‘ಕಪ್ಪು ಬೀಜದ ಎಣ್ಣೆ’ ಎಂಬ ಇಂಗ್ಲಿಷ್ ಹೆಸರಿನ ತರ್ಜುಮೆಯನ್ನು ಓದಿದ ರೈತನು ಅದು ಗುರೆಳ್ಳೆಣ್ಣೆಯೇ ಎಂದು ತಿಳಿದರೆ ಅವನದೇನು ತಪ್ಪು? ಕಪ್ಪಾದ ಎಣ್ಣೆಬೀಜವೆಂದರೆ ಅವನ ಹೊಲದಲ್ಲಿ ಕಂಡದ್ದು ಅದೇ.

ಈರುಳ್ಳಿಯ ಬೀಜದ ಮಾತು ಇವೆಲ್ಲಕ್ಕಿಂತ ಗಂಭೀರವಾದುದು. ಅದು ನೋಟಕ್ಕೆ ಕರಿಜೀರಿಗೆಯನ್ನೇ ಹೋಲುವುದು. ಪಾಶ್ಚಾತ್ಯ ದೇಶಗಳ ಅಂಗಡಿಗಳಲ್ಲಿ ಕರಿಜೀರಿಗೆಯನ್ನೇ ಈರುಳ್ಳಿ ಬೀಜವೆಂದು ತಪ್ಪಾಗಿ ಕರೆದು ಮಾರುವುದುಂಟು. ಹಿರೇಕೆರೂರು, ರಾಣೆಬೆನ್ನೂರುಗಳ ಕಡೆ ತರಕಾರಿ ಬೀಜಗಳನ್ನು ಬೆಳೆದುಕೊಡುವ ಉದ್ಯೋಗ ಚೆನ್ನಾಗಿ ಬೇರೂರಿದೆ. ಬಿತ್ತನೆಗೆಂದು ಪೊಟ್ಟಣ ಕಟ್ಟಿದ ಬೀಜಕ್ಕೆ ಶಿಲೀಂಧ್ರನಾಶಕ ವಿಷವನ್ನು ಸವರಿರುವುದು ಸಾಮಾನ್ಯ. ಮನೆಯಲ್ಲಿ ಉಳಿದ ಇಂತಹ ಬೀಜವನ್ನು ಕಲೌಂಜಿಯೆಂದು ಭ್ರಮಿಸಿ ಎಣ್ಣೆಯಲ್ಲಿ ಕಾಸಿ ತಲೆಗೆ ಹಚ್ಚುವುದಾಗಲಿ, ತಿನ್ನುವುದಾಗಲಿ ಎಂದಿಗೂ ಕೂಡದು.

ಕರಿಜೀರಿಗೆಯ ಮೇಲೆ ಜನರಿಗಿರುವ ಭಕ್ತಿ ನಿನ್ನೆ ಮೊನ್ನೆಯದಲ್ಲ. ಗ್ರೀಕ್ ವೈದ್ಯ ಡಯಾಸ್ಕೊರಿಡೀಸನು ಇದನ್ನು ಬಲ್ಲವನಾಗಿದ್ದನು. ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಇದರ ಪ್ರಸ್ತಾಪ ಮಾಡಿರುವನು. ಯುನಾನಿ ವೈದ್ಯರು ಇದನ್ನು ಶೋನೀಜ್ ಎನ್ನುವರು. ಸಾವೊಂದನ್ನುಳಿದು ಎಲ್ಲ ರೋಗಗಳಿಗೂ ಇದರಲ್ಲಿ ಮದ್ದಿದೆ ಎಂಬ ಪ್ರವಾದಿವಚನವನ್ನು ಮುಸಲ್ಮಾನ ಬಾಂಧವರು ಗೌರವದಿಂದ ಸ್ಮರಿಸುವರು. ನವಾಬರ ಊರಾದ ಸವಣೂರಿನಲ್ಲಿ ಈ ಮಾತನ್ನು ಕೇಳದವರು ವಿರಳ. ಆ ವಚನವನ್ನು ವಿವೇಚಿಸಿದ ಪ್ರಾಚೀನ ವ್ಯಾಖ್ಯಾನಕಾರರಲ್ಲಿಯೇ ಕೆಲವರು, ಮಾತಿನ ರೂಪ ಸಾಮಾನ್ಯವಾದರೂ ಅದರ ಅರ್ಥ ಕೆಲವು ವ್ಯಾಧಿಗಳಿಗೆ ಸೀಮಿತವೆಂದೂ, ಎಲ್ಲ ರೋಗಗಳನ್ನೂ ಎದುರಿಸುವ ಗುಣ ಯಾವ ಒಂದು ಸಸ್ಯದಲ್ಲಿಯೂ ಇರಲಾರದೆಂದೂ ಬರೆದಿರುವರು. ಶ್ರದ್ಧೆಯನ್ನು ಸರಕಿನ ಚೀಟಿಯಾಗಿ ಅಂಟಿಸುವ ವ್ಯಾಪಾರಿಗೆ ಈ ವಿವೇಕ ಬೇಕಾಗಿಲ್ಲವೆಂದು ತೋರುತ್ತದೆ.

ಇನ್ನು ಎಣ್ಣೆಯ ರಚನೆಯನ್ನು ನೋಡೋಣ. ಬೀಜದ ತೂಕದಲ್ಲಿ ಸುಮಾರು ೩೦ರಿಂದ ೪೦ ಪಾಲು ಸ್ಥಿರತೈಲ, ಎಂದರೆ ಸಾಧಾರಣ ಕೊಬ್ಬು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಲಿನೋಲಿಯಿಕ್ ಆಮ್ಲ. ಈ ಆಮ್ಲವು ಕರಿಜೀರಿಗೆಗೆ ಮಾತ್ರ ಮೀಸಲಾದುದಲ್ಲ. ಗುರೆಳ್ಳಿನಲ್ಲಿಯೂ ಕುಸುಬೆಯಲ್ಲಿಯೂ ಇದಕ್ಕಿಂತ ಹೆಚ್ಚಾಗಿಯೇ ಉಂಟು. ಕರಿಜೀರಿಗೆಯ ವೈಶಿಷ್ಟ್ಯವೆಲ್ಲ ಅದರ ಆವಿಯಾಗುವ ಸುಗಂಧ ತೈಲದಲ್ಲಿದೆ. ಅದು ಬೀಜದಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿನ ಆಸುಪಾಸು. ಥೈಮೊಕ್ವಿನೋನ್ ಎಂಬ ದ್ರವ್ಯವು ಈ ಸುಗಂಧ ತೈಲದ್ದು. ಓಂಕಾಳಿನ ಥೈಮಾಲಿಗೆ ರಸಾಯನಶಾಸ್ತ್ರದ ಬಂಧು. ಬೀಜದ ತಳಿ, ಬೆಳೆದ ನೆಲ, ಗಾಣದ ಬಿಸಿ, ಸೀಸೆ ಕಪಾಟಿನಲ್ಲಿ ಕಳೆದ ಕಾಲ ಇವುಗಳಿಗೆ ತಕ್ಕಂತೆ ಅದರ ಪ್ರಮಾಣ ಬಹಳವಾಗಿ ಏರಿಳಿಯುವುದು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಣಗಿದ ಚರ್ಮ ಮೃದುವಾಗುವುದು, ಕೂದಲು ನಯವಾಗಿ ಹೊಳೆಯುವುದು ಇವು ಯಾವುದೇ ಒಳ್ಳೆಯ ಎಣ್ಣೆಯ ಕೆಲಸ. ಅಷ್ಟಕ್ಕೆ ಕೊಬ್ಬರಿ ಎಣ್ಣೆಯೋ ಕುಸುಬೆ ಎಣ್ಣೆಯೋ ಸಾಲದೆ? ಹೆಚ್ಚಿನ ಹಣ ತೆರುವುದಾದರೆ ಆ ಥೈಮೊಕ್ವಿನೋನಿಗಾಗಿ ತೆರಬೇಕು. ಅದು ಎಷ್ಟಿದೆಯೆಂದು ಹೇಳದ ಸೀಸೆಗೆ ಹೆಚ್ಚಿನ ಬೆಲೆ ಯಾತಕ್ಕೆಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಎಣ್ಣೆಯಲ್ಲಿ ಹುರುಳೇ ಇಲ್ಲವೆಂಬುದು ನನ್ನ ವಾದವಲ್ಲ. ಕೈಗಳ ಇಸಬಿನಿಂದ ಬಳಲುತ್ತಿದ್ದ ೬೦ ಮಂದಿಯ ಮೇಲೆ ಇರಾನಿನಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕು ವಾರಗಳ ಬಳಕೆಯಿಂದ ಕರಿಜೀರಿಗೆಯ ಮುಲಾಮು ಬೀಟಾಮೆಥಸೋನಿಗೆ ಸರಿಸಮನಾದ ಗುಣ ತೋರಿತು. ರಕ್ತದ ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡ ಇವು ಸ್ವಲ್ಪಮಟ್ಟಿಗೆ ಇಳಿಯುವುದೆಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳೂ ಹೇಳುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಕೆಲವೇ ವಾರಗಳ ಕಾಲ, ಕೆಲವೇ ಜನರ ಮೇಲೆ ನಡೆದವು, ಇಳಿತವೂ ಅಲ್ಪ. ಕೂದಲಿನ ವಿಷಯದಲ್ಲಿ ಆಧಾರ ಇನ್ನೂ ತೆಳು. ಬಿಳಿಚರ್ಮದ ಆಸೆ ತೋರಿಸುವವರ ಮಾತನ್ನಂತೂ ಇಲ್ಲಿ ಚರ್ಚಿಸಬೇಕಾದ ಅಗತ್ಯವೇ ಕಾಣದು. ಇತ್ತ, ಈ ಎಣ್ಣೆಯನ್ನು ನೇರವಾಗಿ ಹಚ್ಚಿಕೊಂಡು ಚರ್ಮ ಉರಿದು ಗುಳ್ಳೆಯೆದ್ದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಮುಖಕ್ಕೆ ಸವರುವ ಮುನ್ನ ಮುಂಗೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ಕಾಯುವುದು ಲೇಸು.

ನನಗೆ ಭಯವಿರುವುದು ಮೊಡವೆಯ ಕುರಿತಲ್ಲ. ಹಾನಗಲ್ಲಿನ ಗದ್ದೆಬಯಲಿನ ಹಳ್ಳಿಯಲ್ಲೋ ಶಿಗ್ಗಾಂವಿಯ ಆಚೆಯ ಊರಿನಲ್ಲೋ ಇರುವ ಸಕ್ಕರೆರೋಗದ ಹಿರಿಯರೊಬ್ಬರು ಈ ಎಣ್ಣೆಯನ್ನು ನಂಬಿ ಗುಳಿಗೆಯನ್ನು ನಿಲ್ಲಿಸಿದರೆ, ಕಾಲಿನ ಹುಣ್ಣು ಮಾಯದೆ ಬಲಿಯುವವರೆಗೆ ಅವರಿಗೆ ಅಪಾಯದ ಅರಿವಾಗದು. ಗುಳಿಗೆಯ ಜೊತೆಯಲ್ಲಿಯೇ ಎಣ್ಣೆಯನ್ನೂ ಸೇವಿಸಿದರೆ ಸಕ್ಕರೆ ಮಿತಿಮೀರಿ ಇಳಿಯಬಹುದು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಸಿಹಿಮೂತ್ರ, ಅರ್ಬುದ, ರಕ್ತದೊತ್ತಡ ಮುಂತಾದ ರೋಗಗಳನ್ನು ಗುಣಪಡಿಸುವೆನೆಂದು ಔಷಧದ ಜಾಹೀರಾತು ಕೊಡುವುದನ್ನು ೧೯೫೪ರಷ್ಟು ಹಿಂದೆಯೇ ನಮ್ಮ ದೇಶದ ಕಾಯಿದೆ ನಿಷೇಧಿಸಿದೆ. ಕಾಯಿದೆಗೆ ಎಪ್ಪತ್ತು ವರ್ಷ ತುಂಬಿತು. ಜಾಹೀರಾತಿಗೆ ಮಾತ್ರ ಮುಪ್ಪಿಲ್ಲ.

ಸೀಸೆಯ ಮೇಲೆ ಸಸ್ಯದ ಶಾಸ್ತ್ರೀಯ ನಾಮ, ಹಿಂಡಿದ ತಿಂಗಳು, ಥೈಮೊಕ್ವಿನೋನಿನ ಪ್ರಮಾಣ ಇವು ಮೂರನ್ನೂ ಕನ್ನಡದಲ್ಲಿ ಮುದ್ರಿಸಬೇಕೆಂದು ನಾವು ಒತ್ತಾಯಿಸಬೇಕು. ಇನ್ನೊಂದು ಕೆಲಸವನ್ನು ನಮ್ಮ ಸೀಮೆಯಲ್ಲಿಯೇ ಮಾಡಬಹುದಾಗಿದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ೨೦೧೧ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ನಾಟಿ ವೈದ್ಯರೂ ಬಾಣಂತನ ಮಾಡುವ ಅಜ್ಜಿಯರೂ ಯಾವ ಬೀಜವನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಅಲ್ಲಿಯ ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಬರಿಯ ಹೆಸರಿನ ಪಟ್ಟಿ ಸಾಲದು. ಪ್ರತಿಯೊಂದು ಹೆಸರಿನೊಡನೆ ಒಂದು ಹಿಡಿ ಬೀಜವನ್ನೂ ತಂದು, ಅದನ್ನು ಬಿತ್ತಿ, ಹೂಬಿಟ್ಟ ಗಿಡವನ್ನು ಸಸ್ಯಶಾಸ್ತ್ರಜ್ಞರಿಗೆ ತೋರಿಸಿ, ಒಣಗಿಸಿ ಹಾಳೆಗೆ ಅಂಟಿಸಿ ಇಡಬೇಕು.