ಸೋಲಿಗೆ ತಲೆಬಾಗುವ ವಿದ್ಯೆ

ಮತದಾನ ನಡೆದ ಮಾತ್ರಕ್ಕೆ ಪ್ರಜಾಪ್ರಭುತ್ವವು ನೆಲೆಗೊಂಡಿತೆಂದು ಭಾವಿಸಲಾಗದು. 1970ರ ಡಿಸೆಂಬರ್ 7ರಂದು ಪಾಕಿಸ್ತಾನದಲ್ಲಿ ಜನರಲ್ ಯಾಹ್ಯಾ ಖಾನರ ಸೇನಾಡಳಿತವೇ ಸಾರ್ವತ್ರಿಕ ಚುನಾವಣೆಯನ್ನು ನಡೆಸಿತು. ಅನೇಕ ಪಕ್ಷಗಳು ಸ್ಪರ್ಧಿಸಿದವು. ಪೂರ್ವ ಭಾಗದ 162 ಸ್ಥಾನಗಳಲ್ಲಿ 160ನ್ನು ಗೆದ್ದ ಶೇಖ್ ಮುಜಿಬುರ್ ರಹಮಾನರ ಅವಾಮಿ ಲೀಗಿಗೆ ಇಡೀ ದೇಶದಲ್ಲಿ ಬಹುಮತ ದೊರೆಯಿತು. ಆದರೆ ರಾಷ್ಟ್ರೀಯ ಶಾಸನಸಭೆ ಸೇರಲೇ ಇಲ್ಲ. 1971ರ ಮಾರ್ಚ್ 25ರ ರಾತ್ರಿ ಸೈನ್ಯವು ಢಾಕಾದ ಬೀದಿಗಿಳಿಯಿತು. ಆ ವರ್ಷಾಂತ್ಯದೊಳಗೆ ದೇಶವೇ ಇಬ್ಭಾಗವಾಯಿತು.

ನಮ್ಮಲ್ಲಿದ್ದುದು ಸೇನಾಡಳಿತವಲ್ಲ, ಆದರೂ 1977ರ ಮಾರ್ಚ್ ತಿಂಗಳ ಚುನಾವಣೆ ತುರ್ತುಪರಿಸ್ಥಿತಿಯ ನೆರಳಿನಲ್ಲಿಯೇ ನಡೆಯಿತು. ಕರ್ನಾಟಕವು 28ರಲ್ಲಿ 26 ಸ್ಥಾನಗಳನ್ನು ಇಂದಿರಾ ಗಾಂಧಿಯವರ ಪಕ್ಷಕ್ಕೇ ಕೊಟ್ಟಿತು; ದೇಶ ಅವರನ್ನು ಸೋಲಿಸಿತು. ಅವರು ಅಧಿಕಾರವನ್ನು ಬಿಟ್ಟುಕೊಟ್ಟರು.

ಸೊರಬದ ಎಸ್. ಬಂಗಾರಪ್ಪ, ಶಿಕಾರಿಪುರದ ಬಿ. ಎಸ್. ಯಡಿಯೂರಪ್ಪ ಇಬ್ಬರೂ ಮುಖ್ಯಮಂತ್ರಿಗಳಾದುದು ಈ ನೆರೆಹೊರೆಯ ತಾಲ್ಲೂಕುಗಳಿಗೆ ಹೆಮ್ಮೆಯೇ ಸರಿ. ಆದರೆ 1999ರಲ್ಲಿ ಯಡಿಯೂರಪ್ಪನವರನ್ನು ಸೋಲಿಸಿದ ಶಿಕಾರಿಪುರವೇ 2004ರಲ್ಲಿ ಅವರನ್ನು ಮರಳಿ ಆರಿಸಿತು. ಎರಡು ಸಲವೂ ಮತದಾರನ ಮಾತೇ ನಡೆಯಿತೆಂಬುದು ಇನ್ನೂ ದೊಡ್ಡ ಹೆಮ್ಮೆ.

ಗೆಲ್ಲುವುದನ್ನು ಲೋಕವೇ ಕಲಿಸುತ್ತದೆ. ಸೋತಾಗ ಗೆದ್ದವನಿಗೆ ದಾರಿ ಬಿಡುವುದನ್ನು ಶಾಲೆ ಕಲಿಸಬೇಕು. ತರಗತಿಯ ನಾಯಕನ ಆಯ್ಕೆಯೇ ಅದರ ಮೊದಲ ಪಾಠವಾಗಲಿ.