ತಾಯಿಯ ವಯಸ್ಸು

ಮದುವೆಯಾಗಿ ವರ್ಷ ತುಂಬುವ ಮೊದಲೇ ಸೊಸೆಯನ್ನು ಸುತ್ತುಗಟ್ಟುವ ಪ್ರಶ್ನೆಯೊಂದುಂಟು: “ಏನಮ್ಮಾ, ವಿಶೇಷವೇನಾದರೂ ಉಂಟೋ?” ಕೇಳುವವರ ಅಕ್ಕರೆಯಲ್ಲಿ ಸಂದೇಹವಿಲ್ಲ. ಆದರೆ ಆ ವಿಶೇಷವನ್ನು ಹೊರಬೇಕಾದ ಶರೀರಕ್ಕೆ ಎಷ್ಟು ವಯಸ್ಸಾಯಿತೆಂದು ವಿಚಾರಿಸುವವರು ವಿರಳ. ಜಾತಕ ಹಿಡಿದು ಗಣಕೂಟಗಳನ್ನೆಲ್ಲ ಎಣಿಸುವ ನಾವು ಈ ಒಂದು ಲೆಕ್ಕವನ್ನು ಮರೆತುಬಿಡುತ್ತೇವೆ.

ತಾಯ್ತನಕ್ಕೆ ಇಪ್ಪತ್ತರಿಂದ ಮೂವತ್ತೈದರವರೆಗಿನ ವಯಸ್ಸು ಹೆಚ್ಚು ಕ್ಷೇಮಕರವೆಂದು ವೈದ್ಯರು ಹೇಳುತ್ತಾರೆ. ಅದಕ್ಕೆ ಮೊದಲೂ ಅನಂತರವೂ ಅಪಾಯ ಏರುತ್ತದೆ. ಆದರೆ ಎರಡರ ಸ್ವರೂಪ ಬೇರೆ ಬೇರೆ.

ಋತುಮತಿಯಾದೊಡನೆ ಹುಡುಗಿಯ ಬೆಳವಣಿಗೆ ಮುಗಿಯಿತೆಂಬ ನಂಬಿಕೆ ಸರಿಯಲ್ಲ. ಆಮೇಲೆಯೂ ಕೆಲವು ವರ್ಷಗಳ ಕಾಲ ಅವಳ ಸೊಂಟದ ಎಲುಬುಗಳು ಬೆಳೆಯುತ್ತಲೇ ಇರುತ್ತವೆ. ಆಗಲೇ ಬಸಿರಾದರೆ, ಉಣ್ಣುವ ಒಂದೇ ತುತ್ತಿನಲ್ಲಿ ಬೆಳೆಯಬೇಕಾದ ಜೀವಗಳು ಎರಡಾಗುತ್ತವೆ. ರಕ್ತಹೀನತೆ, ರಕ್ತದೊತ್ತಡ ಏರಿ ಬರುವ ಸೆಳವು, ಬಾಣಂತಿಯ ನಂಜು ಇವು ಹದಿಹರೆಯದ ತಾಯಂದಿರನ್ನು ಹೆಚ್ಚಾಗಿ ಕಾಡುತ್ತವೆ. ಕೂಸು 37 ವಾರ ತುಂಬುವ ಮೊದಲೇ ಹುಟ್ಟುವ, ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಸಂಭವವೂ ಅಧಿಕ. ಯಾದಗಿರಿ ಜಿಲ್ಲೆಯ ಕಡೇಚೂರಿನಂತಹ ಹಳ್ಳಿಯಲ್ಲಿ ಈ ಮಾತಿಗೆ ಮತ್ತಷ್ಟು ತೂಕವುಂಟು. ಹೆರಿಗೆ ಕಠಿನವಾದರೆ ಅಲ್ಲಿಯ ಬಸುರಿಯನ್ನು ಯಾದಗಿರಿಗೋ ರಾಯಚೂರಿಗೋ ಸಾಗಿಸಬೇಕು. ನೋವು ದಾರಿ ಸವೆಯುವವರೆಗೆ ಕಾಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೆಲ್ಲಮೆಲ್ಲನೆ ನಡೆದು ಬಂದಿದೆ. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. 1930ರಲ್ಲಿ ಜಾರಿಗೆ ಬಂದ ಶಾರದಾ ಕಾನೂನು ಹುಡುಗಿಗೆ 14 ವರ್ಷ ತುಂಬಿರಬೇಕೆಂದಿತು. ಆದರೆ ಅದು ಬ್ರಿಟಿಷ್ ಇಂಡಿಯದ ಕಾನೂನು. ಅಂದು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಡೇಚೂರನ್ನು ಅದು ಮುಟ್ಟಲಿಲ್ಲ. 1978ರಲ್ಲಿ ಈ ಮಿತಿ 18ಕ್ಕೆ ಏರಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 21 ಮಂದಿ ಹದಿನೆಂಟು ತುಂಬುವ ಮೊದಲೇ ಹಸೆಮಣೆ ಏರಿದ್ದರು.

ಪಟ್ಟಣದ ಮನೆಗಳ ಚಿಂತೆ ಇನ್ನೊಂದು ತುದಿಯದು. ಓದು, ಉದ್ಯೋಗ, ಮನೆಯ ಸಾಲ ಎಂದು ಮೊದಲ ಮಗು ಮೂವತ್ತೈದರ ಆಚೆಗೆ ಸರಿಯುತ್ತದೆ. ಹೆಣ್ಣಿನ ಅಂಡಾಣುಗಳು ಅವಳು ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡವು. ಅವಳೊಡನೆ ಅವಕ್ಕೂ ವಯಸ್ಸಾಗುತ್ತದೆ. ಗರ್ಭ ನಿಲ್ಲುವುದು ತಡವಾಗಬಹುದು. ಗರ್ಭಪಾತ, ರಕ್ತದೊತ್ತಡ, ಸಿಹಿಮೂತ್ರಗಳ ಭಯ ಹೆಚ್ಚುತ್ತದೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವ ತಾಯಿಗೆ 25 ಆಗಿದ್ದಾಗ ಸುಮಾರು 1,250ಕ್ಕೆ ಒಂದು. 40ರಲ್ಲಿ ಸುಮಾರು ನೂರಕ್ಕೆ ಒಂದು. ಹಾಗೆಂದು ನಲವತ್ತರ ಗರ್ಭಿಣಿ ಎದೆಗುಂದಬೇಕಾಗಿಲ್ಲ. ಉಳಿದ ತೊಂಬತ್ತೊಂಬತ್ತು ಕೂಸುಗಳಿಗೆ ಆ ತೊಡಕಿಲ್ಲ. ಮೊದಲ ತಿಂಗಳುಗಳಿಂದಲೇ ತಪಾಸಣೆಗೆ ಹೋಗುತ್ತಿದ್ದರೆ ಬಹುಪಾಲು ತೊಂದರೆಗಳನ್ನು ಮುಂಚಿತವಾಗಿಯೇ ಕಂಡುಕೊಳ್ಳಬಹುದು.

ತಡವಾಗಿ ತಾಯಿಯಾಗುವವಳಿಗೆ ವಿದ್ಯೆಯುಂಟು, ವೈದ್ಯರನ್ನು ಆರಿಸಿಕೊಳ್ಳುವ ಅನುಕೂಲವುಂಟು. ಹದಿನಾರರಲ್ಲಿ ಬಸುರಾದವಳಿಗೆ ತನ್ನ ಮದುವೆಯ ದಿನವನ್ನು ಆರಿಸುವ ಸ್ವಾತಂತ್ರ್ಯವೂ ಇರಲಿಲ್ಲ. ಅವಳ ವಯಸ್ಸಿಗೆ ಹೊಣೆಗಾರರು ಹಿರಿಯರಾದ ನಾವು. ಮಗಳ ಮದುವೆ ಹದಿನೆಂಟಕ್ಕೇ ಆಗಿದ್ದರೂ, ಮೊದಲ ಬಸಿರನ್ನು ಇಪ್ಪತ್ತು ದಾಟುವವರೆಗೆ ಮುಂದೂಡುವ ಉಪಾಯಗಳನ್ನು ಸರಕಾರಿ ಆಸ್ಪತ್ರೆಯಲ್ಲಿಯೇ ತಿಳಿಸಿಕೊಡುತ್ತಾರೆ. ಯಾವ ವಯಸ್ಸಿನ ಗರ್ಭಿಣಿಯೇ ಆಗಲಿ, ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆಯುಂಟು. ಅವಳ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಕೆಲಸ. ಕುಬುಸದ ಸೀರೆಯನ್ನು ಆರಿಸುವ ಮೊದಲು ಆ ಚೀಟಿಯನ್ನೊಮ್ಮೆ ಓದಿ ನೋಡಿರಿ.