ಹೊಸ ಉಳಿಗೆ ಮೊದಲ ಪಾಠ

ಅಂಗಡಿಯಿಂದ ತಂದ ಹೊಸ ಉಳಿ ಕೆಲಸಕ್ಕೆ ಸಿದ್ಧವಾಗಿಯೇ ಇರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಉಡುಪಿ, ಮಣಿಪಾಲಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಚೆಗೆ ಮರಗೆಲಸವನ್ನು ಹವ್ಯಾಸವಾಗಿ ಕೈಗೆತ್ತಿಕೊಂಡಿದ್ದಾರೆ. ಸಂತೋಷದ ಸಂಗತಿ. ಆದರೆ ಆರು ಉಳಿಗಳ ಪೆಟ್ಟಿಗೆಯನ್ನು ತರಿಸಿಕೊಳ್ಳುವವರು ಒಂದು ಮಸೆಗಲ್ಲನ್ನು ಕೊಳ್ಳುವುದಿಲ್ಲ. ಬಳಿಕ ಹಲಗೆ ಕಿತ್ತುಬಂತೆಂದು ಪಾಪದ ಹಲಸಿನ ಮರವನ್ನು ದೂರುತ್ತಾರೆ! ಒಂದೇ ಉಳಿ, ಜೊತೆಗೊಂದು ಒಳ್ಳೆಯ ಕಲ್ಲು ಸಾಕೆಂಬುದು ನನ್ನ ಅಭಿಪ್ರಾಯ.

ಕಾರ್ಖಾನೆಯವರು ಅಲಗನ್ನು ಯಂತ್ರದಲ್ಲಿ ಉಜ್ಜಿ, ತುಕ್ಕು ಹಿಡಿಯದಂತೆ ಎಣ್ಣೆಯನ್ನೋ ಮೆರುಗೆಣ್ಣೆಯನ್ನೋ ಬಳಿದು ಕಳುಹಿಸುತ್ತಾರೆ. ಅದನ್ನು ಒರೆಸಿ ಬೆಳಕಿಗೆ ಹಿಡಿದರೆ ಚಪ್ಪಟೆಯಾದ ಬೆನ್ನಿನ ಮೇಲೆ ಸಾಮಾನ್ಯವಾಗಿ ಯಂತ್ರದ ಗೀರುಗಳು ಕಾಣುತ್ತವೆ. ಹರಿತವೆಂದರೆ ಎರಡು ಸಮತಲಗಳು ಸಂಧಿಸುವ ರೇಖೆಯಲ್ಲವೇ? ಒಂದು ತಲ ಗೀರುಗೀರಾಗಿದ್ದರೆ ಆ ರೇಖೆ ಗರಗಸದ ಹಲ್ಲಿನಂತಾಗುತ್ತದೆ. ಆದುದರಿಂದ ಮೊದಲು ಮಸೆಯಬೇಕಾದುದು ಎಲ್ಲರೂ ಮಸೆಯುವ ಇಳಿಜಾರು ಮುಖವನ್ನಲ್ಲ, ಬೆನ್ನನ್ನು. ತುದಿಯ ಒಂದು ಅಂಗುಲದಷ್ಟು ಭಾಗವನ್ನು ಕಲ್ಲಿಗೆ ಪೂರ್ತಿಯಾಗಿ ಒತ್ತಿ, ಗೀರುಗಳೆಲ್ಲ ಅಳಿಯುವವರೆಗೆ ಉಜ್ಜಬೇಕು. ಬೇಸರ ತರಿಸುವ ಕೆಲಸ, ನಿಜ; ಆದರೆ ಒಂದು ಉಳಿಯ ಆಯುಷ್ಯದಲ್ಲಿ ಹೆಚ್ಚುಕಡಿಮೆ ಒಮ್ಮೆ ಮಾತ್ರ. ಕಲ್ಲೇ ನಡುವೆ ತಗ್ಗಾಗಿದ್ದರೆ ಶ್ರಮವೆಲ್ಲ ವ್ಯರ್ಥ.

ಅನಂತರ ಇಳಿಜಾರು ಮುಖ. ಕೈಯಿಂದ ತಳ್ಳಿ ಹೆರೆಯುವ ಕೆಲಸಕ್ಕೆ ಸುಮಾರು 25 ಡಿಗ್ರಿ, ಕೊಡತಿಯ ಪೆಟ್ಟು ತಾಳಬೇಕಾದರೆ 30 ಡಿಗ್ರಿ. ಒರಟು ಕಲ್ಲಿನಲ್ಲಿ ಉಜ್ಜುತ್ತ ಹೋದಂತೆ ಬೆನ್ನಿನ ಕಡೆಗೆ ಕೂದಲೆಳೆಯಂಥ ಲೋಹದ ಅಂಚು ಏಳುತ್ತದೆ, ಬೆರಳಿಗೆ ತಿಳಿಯುತ್ತದೆ. ಅದು ಉದ್ದಕ್ಕೂ ಎದ್ದ ಮೇಲೆ ನುಣುಪು ಕಲ್ಲಿಗೆ ಬಂದು, ಕೊನೆಯಲ್ಲಿ ಬೆನ್ನನ್ನು ಚಪ್ಪಟೆಯಾಗಿಟ್ಟು ಆ ಎಳೆಯನ್ನು ತೆಗೆಯಬೇಕು. ಅವಸರದವರು ವಿದ್ಯುತ್ ಸಾಣೆಚಕ್ರಕ್ಕೆ ಒಡ್ಡುತ್ತಾರೆ. ಅಂಚು ನೀಲಿಗಟ್ಟಿತೆಂದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದೇ ಅರ್ಥ. ಅಷ್ಟು ಭಾಗದ ಹದ ಹೋಯಿತು, ಮಸೆದು ಸವೆಸಿಯೇ ಕಳೆಯಬೇಕು.

1432ರಲ್ಲಿ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳಕ್ಕೆ ಉಳಿಯ ಮಹತ್ವವನ್ನು ಹೇಳಬೇಕಾಗಿಲ್ಲ. ಕಲ್ಲುಕುಟಿಗನ ಉಳಿ ಬೇರೆ ಬಗೆಯದು. ಕಣಶಿಲೆಯ ಮೇಲೆ ಬೇಗನೆ ಮೊಂಡಾಗುವುದರಿಂದ ಅದನ್ನು ಮತ್ತೆ ಮತ್ತೆ ಕುಲುಮೆಗಿಟ್ಟು ಬಡಿದು ಹದಗೊಳಿಸುತ್ತಾರೆ. ಆ ಹೊತ್ತನ್ನು ಯಾವ ಶಿಲ್ಪಿಯೂ ದಂಡವೆಂದು ಲೆಕ್ಕ ಹಾಕುವುದಿಲ್ಲ. ಕಾಪುವಿನಂಥ ಕಡಲತಡಿಯಲ್ಲಿರುವವರು ಮಸೆದ ಉಳಿಗೆ ಹೊಲಿಗೆಯಂತ್ರದ ಎಣ್ಣೆ ಸವರಿಡುವುದು ಒಳಿತು, ಉಪ್ಪುಗಾಳಿ ತಡಮಾಡುವುದಿಲ್ಲ.

ಇಷ್ಟನ್ನು ಬರೆಯಲು ಕಾರಣವಿದೆ. ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಒಳ್ಳೆಯ ಮಾತು. ಆದರೆ ಗಾಯವಾದೀತೆಂಬ ಭಯದಿಂದ ಮಕ್ಕಳಿಗೆ ಮೊಂಡು ಉಳಿ ಕೊಡುವ ಹಿರಿಯರಿದ್ದಾರೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂಬ ಸೂತ್ರವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಅಂಚು ದಪ್ಪವಾದಷ್ಟೂ ಮಗು ಹೆಚ್ಚು ಬಲ ಹಾಕುತ್ತದೆ. ಉಳಿ ಜಾರಿದಾಗ ಆ ಬಲವೆಲ್ಲ ಎಡಗೈಯ ಮೇಲೆ. ಎರಡೂ ಕೈಗಳು ಅಲಗಿನ ಹಿಂದಿರಬೇಕು, ಮರವನ್ನು ಬಿಗಿಹಿಡಿ ಹಿಡಿದಿರಬೇಕು, ಉಳಿ ಹರಿತವಾಗಿರಬೇಕು.

ಆ ಹತ್ತು ದಿನಗಳಲ್ಲಿ ಮೊದಲ ಎರಡನ್ನು ಮಸೆಯುವುದಕ್ಕೇ ಮೀಸಲಿಡಲಿ. ಮಗು ಮನೆಗೆ ಏನನ್ನೂ ಮಾಡಿ ತರಲಿಲ್ಲವೆಂದು ತಂದೆತಾಯಿ ಕೇಳಿದರೆ, ತಾನೇ ಮಸೆದ ಉಳಿಯಿಂದ ಎಬ್ಬಿಸಿದ ಒಂದು ತೆಳು ಹೆರೆಯನ್ನು ಕಿಸೆಯಿಂದ ತೆಗೆದು ತೋರಿಸಲಿ.